ಎರಡು ಡಿಸ್ಕ್ ಸೇರ್ಸಿ ಸ್ಪೀಡ್ ತಗೊಳ್ಳೋದು: ಎಂಡಿ, ಎಲ್‌ವಿಎಂ, ಬಿಟಿಆರ್‌ಎಫ್‌ಎಸ್, ಜೆಡ್‌ಎಫ್‌ಎಸ್, ಯಾರಿಗೆ ಯಾವ್ದು?

ದಾವಣಗೆರೆಲಿ ನಮ್ಮ ಭಾವ ಮದುವೆ ವಿಡಿಯೋ ಸ್ಟುಡಿಯೋ ನಡೆಸ್ತಾರೆ. ಹೋದ ಸೀಸನ್‌ನಲ್ಲಿ ಒಂದಿನ ಫೋನ್ ಮಾಡಿ, "ಎರಡು 4 ಟಿಬಿ ಡಿಸ್ಕ್ ಸೇರ್ಸಿ ಹಾಕ್ಸಿದೀನಿ ಕಣಪ್ಪ, ಸ್ಪೀಡ್ ಡಬಲ್ ಆಗತ್ತೆ ಅಂದಿದ್ರು, ಮೊದ್ಲು ಎಷ್ಟಿತ್ತೋ ಈಗ್ಲೂ ಅಷ್ಟೇ ಇದೆ, ಒಂಚೂರು ನೋಡ್ತೀಯಾ" ಅಂದ್ರು. ರಿಮೋಟ್‌ನಲ್ಲಿ ಆ ಲಿನಕ್ಸ್ ಬಾಕ್ಸಿಗೆ ಲಾಗಿನ್ ಆಗಿ, ಒಂದು ವಿಂಡೋದಲ್ಲಿ ದೊಡ್ಡ ಫೈಲ್ ಓದಕ್ಕೆ ಬಿಟ್ಟು, ಇನ್ನೊಂದ್ರಲ್ಲಿ ಐಓಸ್ಟ್ಯಾಟ್ (ಯಾವ ಡಿಸ್ಕ್ ಎಷ್ಟು ಕೆಲಸ ಮಾಡ್ತಿದೆ ಅಂತ ತೋರ್ಸೋ ಕಮಾಂಡ್) ಹಾಕಿ ಒಂದೊಂದು ಸೆಕೆಂಡಿಗೂ ನೋಡ್ತಾ ಕೂತೆ. ಎಸ್‌ಡಿಬಿ, ಅಂದ್ರೆ ಮೊದಲ್ನೇ ಡಿಸ್ಕ್, ನೂರಕ್ಕೆ ನೂರು ಬ್ಯುಸಿ, ಸೆಕೆಂಡಿಗೆ 170-180 ಎಂಬಿ ಓದ್ತಿದೆ. ಎರಡನೇ ಡಿಸ್ಕ್ ಎಸ್‌ಡಿಸಿ ಸಾಲಿನಲ್ಲಿ ಬರೀ ಸೊನ್ನೆ. ಸೆಕೆಂಡ್ ಮೇಲೆ ಸೆಕೆಂಡ್, ಸೊನ್ನೆ ಸೊನ್ನೆ ಸೊನ್ನೆ.

ಆಗಿದ್ದಿಷ್ಟೆ, ಯಾರೋ ಎರಡು ಡಿಸ್ಕನ್ನೂ ಎಲ್‌ವಿಎಂ (ಹಲವು ಡಿಸ್ಕಿನ ಜಾಗ ಒಟ್ಟು ಮಾಡಿ ಬೇಕಾದಂಗೆ ಹಂಚೋ ಲಿನಕ್ಸಿನ ವ್ಯವಸ್ಥೆ) ವಾಲ್ಯೂಮ್ ಗ್ರೂಪಿಗೆ ಸೇರ್ಸಿ ಒಂದು ದೊಡ್ಡ ಲಾಜಿಕಲ್ ವಾಲ್ಯೂಮ್ (ಒಂದೇ ಡಿಸ್ಕಿನ ತರ ಕಾಣೋ ಜಾಗ) ಮಾಡಿದಾರೆ, ಸ್ಟ್ರೈಪ್ ಎಷ್ಟು, ಅಂದ್ರೆ ಡೇಟಾನ ಎಷ್ಟು ಡಿಸ್ಕಿಗೆ ಹಂಚ್ಬೇಕು ಅಂತ ಹೇಳಿಲ್ಲ. ಎಲ್‌ವಿಎಂ ನಾವು ಬಾಯಿ ಬಿಟ್ಟು ಕೇಳ್ದೆ ಸ್ಟ್ರೈಪ್ ಮಾಡಲ್ಲ, ಮೊದಲ್ನೇ ಡಿಸ್ಕ್ ತುಂಬೋವರೆಗೂ ಅದ್ರಲ್ಲೇ ಇಟ್ಟು ಆಮೇಲೆ ಎರಡನೇದಕ್ಕೆ ಹೋಗತ್ತೆ, ಅದಕ್ಕೆ ಲೀನಿಯರ್ ಅಂತ ಹೆಸರು. ನಿಮ್ಮದು ಯಾವ ತರ ಇದೆ ಅಂತ ಈಗ್ಲೇ ನೋಡ್ಬೇಕಂದ್ರೆ ಎಲ್‌ವಿಎಸ್ ಕಮಾಂಡಿಗೆ ಸೆಗ್ಮೆಂಟ್ಸ್ ಅನ್ನೋ ಆಪ್ಷನ್ ಕೊಡಿ, ಟೈಪ್ ಕಾಲಮ್‌ನಲ್ಲಿ ಲೀನಿಯರ್ ಅಂತ ಇದ್ದು ಸ್ಟ್ರೈಪ್ ಸಂಖ್ಯೆ 1 ಅಂತಿದ್ರೆ ಎರಡಲ್ಲ ಹತ್ತು ಡಿಸ್ಕ್ ಸೇರ್ಸಿದ್ರೂ ಒಂದೇ ಫೈಲ್ ಓದೋವಾಗ ಒಂದೇ ಡಿಸ್ಕಿನ ಸ್ಪೀಡ್ ಸಿಗೋದು.

ಆ ಬಾಕ್ಸನ್ನ ಸರಿ ಮಾಡೋವಾಗ ಎಲ್ಲ ತರದ ಸಾಫ್ಟ್‌ವೇರ್ ಸ್ಟ್ರೈಪಿಂಗೂ ಒಂದೊಂದ್ಸಲ ಕಟ್ಟಿ ಒಡೆದು ನೋಡ್ದೆ. ಎಲ್‌ವಿಎಂ ಬಿಟ್ರೆ ಎಂಡಿ ಅಂದ್ರೆ ಲಿನಕ್ಸ್ ಒಳಗಿನ ಸಾಫ್ಟ್‌ವೇರ್ ರೇಡ್ (ಹಲವು ಡಿಸ್ಕನ್ನ ಒಂದಾಗಿ ಓಡಿಸೋ ವಿಧಾನ), ಬಿಟಿಆರ್‌ಎಫ್‌ಎಸ್ ಮತ್ತು ಜೆಡ್‌ಎಫ್‌ಎಸ್ ಅಂದ್ರೆ ತಾವೇ ಡಿಸ್ಕ್ ಸೇರಿಸ್ಕೊಳ್ಳೋ ಫೈಲ್‌ಸಿಸ್ಟಮ್‌ಗಳು. ಯಾವುದನ್ನ ಯಾವಾಗ ಆರಿಸ್ಕೋಬೇಕು ಅನ್ನೋದನ್ನ ಅದೇ ಅನುಭವದಿಂದ ಬರೀತಿದೀನಿ. ಮೊದ್ಲೇ ಒಂದು ಮಾತು ಹೇಳ್ಬಿಡ್ತೀನಿ, ಯಾವ್ದು ಜಾಸ್ತಿ ಫಾಸ್ಟ್ ಅನ್ನೋ ಪ್ರಶ್ನೆ ಇಟ್ಕೊಂಡು ಹೊರಟ್ರೆ ದಾರಿ ತಪ್ತೀರ. ಒಂದೇ ಡಿಸ್ಕ್‌ಗಳು, ಒಂದೇ ಚಂಕ್ ಸೈಜ್ (ಹಂಚೋ ತುಂಡಿನ ಅಳತೆ) ಕೊಟ್ರೆ ಎಂಡಿ ರೇಡ್0 (ಬರೀ ಸ್ಟ್ರೈಪ್, ಕಾಪಿ ಇಲ್ಲ) ಮತ್ತು ಎಲ್‌ವಿಎಂ ಸ್ಟ್ರೈಪ್ ನಡುವೆ ಸ್ಪೀಡಲ್ಲಿ ಹೇಳ್ಕೊಳ್ಳೋ ಅಂತ ವ್ಯತ್ಯಾಸ ಬರಲ್ಲ, ಎರಡೂ ಕರ್ನಲ್ (ಲಿನಕ್ಸಿನ ತಿರುಳು) ಒಳಗೆ ಈ ಬ್ಲಾಕ್ ಯಾವ ಡಿಸ್ಕಿಗೆ ಹೋಗ್ಬೇಕು ಅಂತ ಒಂದು ಭಾಗಾಕಾರ ಮಾಡಿ ಕಳಿಸೋದಷ್ಟೆ. ಕೇಳ್ಬೇಕಾಗಿರೋ ಪ್ರಶ್ನೆ ಬೇರೆ: ಮುಂದಿನ ವರ್ಷ ಡಿಸ್ಕ್ ಸೇರಿಸ್ತೀರಾ, ಸ್ನ್ಯಾಪ್‌ಶಾಟ್ (ಆ ಕ್ಷಣಕ್ಕೆ ಡೇಟಾ ಹೇಗಿತ್ತೋ ಹಾಗೇ ಹಿಡಿದಿಡೋದು) ಬೇಕಾ, ಅದೇ ಡಿಸ್ಕಲ್ಲಿ ಕಳ್ಕೊಳ್ಳಕ್ಕೆ ಆಗ್ದೇ ಇರೋ ಫೈಲೂ ಇಡ್ಬೇಕಾ, ಒಂದು ಡಿಸ್ಕ್ ಸತ್ತ ದಿನ ಏನು ಮಾಡ್ತೀರ.

ಸ್ಟ್ರೈಪಿಂಗ್ ಅಂದ್ರೇನು ಅಂತ ಗೊತ್ತಿಲ್ದೇ ಇರೋರಿಗೆ: ಹೊಲದಲ್ಲಿ ಕೂರಿಗೆಲಿ ಬಿತ್ತೋದು ನೋಡಿರ್ತೀರ, ಮೇಲಿನ ಬಟ್ಟಲಿಗೆ ಒಬ್ರು ಕಾಳು ಬಿಡ್ತಾ ಹೋಗ್ತಾರೆ, ಅದು ಕೆಳಗಿನ ಕೊಳವೆಗಳಿಗೆ ಹಂಚ್ಕೊಂಡು ಒಂದೇ ಸಲಕ್ಕೆ ಮೂರು ನಾಲ್ಕು ಸಾಲು ಬೀಳತ್ತೆ, ಒಂದೊಂದೇ ಸಾಲು ಹಾಕೋದಕ್ಕಿಂತ ಬೇಗ ಹೊಲ ಮುಗಿಯತ್ತೆ. ಇಲ್ಲೂ ಅದೇ, ಫೈಲನ್ನ ಸಮ ತುಂಡು ಮಾಡಿ ಮೊದಲ ತುಂಡು ಈ ಡಿಸ್ಕಿಗೆ, ಎರಡನೇದು ಆ ಡಿಸ್ಕಿಗೆ, ಮೂರನೇದು ಮತ್ತೆ ಇಲ್ಲಿಗೆ. ಆ ಒಂದೊಂದು ತುಂಡಿಗೆ ಚಂಕ್ ಅಂತಾರೆ, ಎಲ್‌ವಿಎಂನೋರು ಸ್ಟ್ರೈಪ್ ಸೈಜ್ ಅಂತಾರೆ. ಆದ್ರೆ ಕೂರಿಗೆಯ ಒಂದು ಕೊಳವೆ ಕಟ್ಕೊಂಡ್ರೆ ಒಂದು ಸಾಲು ಹೋಗತ್ತೆ, ಉಳಿದ ಸಾಲು ಬೆಳೆ ಬರತ್ತೆ. ಇಲ್ಲಿ ಒಂದು ಡಿಸ್ಕ್ ಹೋದ್ರೆ ಪ್ರತಿ ದೊಡ್ಡ ಫೈಲಿಗೂ ಒಂದು ತುಂಡು ಬಿಟ್ಟು ಒಂದು ತುಂಡು ತೂತು, ಅಂದ್ರೆ ಎಲ್ಲಾ ಹೋದಂಗೆ.

ಇದು ಎಷ್ಟು ಗಂಭೀರ ಅನ್ನೋದಕ್ಕೆ ಒಂದು ಲೆಕ್ಕ ಹಾಕಿ ನೋಡಿ. ಒಂದು ಡಿಸ್ಕ್ ವರ್ಷದಲ್ಲಿ ಕೆಡೋ ಸಾಧ್ಯತೆ ನೂರಕ್ಕೆ 3 ಅಂತ ಸುಮ್ನೆ ಇಟ್ಕೊಳ್ಳೋಣ, ಎರಡು ಡಿಸ್ಕ್ ಸ್ಟ್ರೈಪ್ ಮಾಡಿದ್ರೆ ಇಡೀ ಡೇಟಾ ಹೋಗೋ ಸಾಧ್ಯತೆ ಸುಮಾರು 6, ನಾಲ್ಕು ಡಿಸ್ಕ್ ಆದ್ರೆ ಸುಮಾರು 11.5. ರೇಡ್ ಅನ್ನೋ ಹೆಸರನ್ನ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್, ಕಾಟ್ಜ್ ಮೂವರೂ 1988ರ ಪೇಪರ್‌ನಲ್ಲಿ ಇಟ್ಟಾಗ ಅದ್ರಲ್ಲಿದ್ದಿದ್ದು 1ರಿಂದ 5ರವರೆಗಿನ ಲೆವೆಲ್ ಮಾತ್ರ, 0 ಆಮೇಲೆ ಸೇರ್ಕೊಂಡಿದ್ದು. ಆ ಸೊನ್ನೆನ ರಕ್ಷಣೆ ಸೊನ್ನೆ ಅಂತಲೇ ಓದ್ಕೊಳ್ಳಿ. ಇನ್ನೊಂದು ಕಡೆ ಕಾಪಿ ಇರೋ ಡೇಟಾ ಮಾತ್ರ ಸ್ಟ್ರೈಪ್ ಮೇಲೆ ಇಡಿ, ಇದ್ರಲ್ಲಿ ನಾನು ಯಾರ ಹತ್ರಾನೂ ರಾಜಿ ಆಗಲ್ಲ, ಮದುವೆ ಇನ್ನೊಂದ್ಸಲ ಶೂಟ್ ಮಾಡಕ್ಕಾಗಲ್ಲ.

ಕಟ್ಟೋಕ್ಕಿಂತ ಮುಂಚೆ ನಿಮಗೆ ಡಿಸ್ಕೇ ಅಡ್ಡಿ ಆಗಿದ್ಯಾ ಅಂತ ನೋಡ್ಕೊಳ್ಳಿ. ಕ್ಯಾಮೆರಾದಿಂದ ಬರೋ 4ಕೆ ಫೈಲ್ ಬಹಳಷ್ಟು ಸಲ ಸೆಕೆಂಡಿಗೆ 100ರಿಂದ 150 ಮೆಗಾಬಿಟ್ ಇರತ್ತೆ, ಮೆಗಾಬೈಟ್ ಅಲ್ಲ ಮೆಗಾಬಿಟ್, 8ರಿಂದ ಭಾಗಿಸಿದ್ರೆ 12ರಿಂದ 19 ಎಂಬಿ. ಒಂದು ಮಾಮೂಲಿ ಹಾರ್ಡ್ ಡಿಸ್ಕ್ ಇಂಥ ನಾಲ್ಕೈದು ಸ್ಟ್ರೀಮನ್ನ ಆರಾಮಾಗಿ ಕೊಡತ್ತೆ. ಅಲ್ಲಿ ಟೈಮ್‌ಲೈನ್ ಸಿಕ್ಕಾಕೊಳ್ತಿದ್ರೆ ಕಂಪ್ರೆಸ್ ಆಗಿರೋ ಫೈಲನ್ನ ಬಿಚ್ಚಕ್ಕೆ ಪ್ರೊಸೆಸರ್ ಅಥವಾ ಗ್ರಾಫಿಕ್ಸ್ ಕಾರ್ಡ್ ಒದ್ದಾಡ್ತಿದೆ ಅಂತ, ಸ್ಟ್ರೈಪ್ ಮಾಡಿ ಏನೂ ಉಪಯೋಗ ಇಲ್ಲ. ಭಾವನ ಸ್ಟುಡಿಯೋದಲ್ಲಿ ಮಲ್ಟಿಕ್ಯಾಮ್ (ಹಲವು ಕ್ಯಾಮೆರಾ ಒಟ್ಟಿಗೆ ಇಟ್ಟು ಮಾಡೋ) ಎಡಿಟಿಂಗಿಗೆ ಎಲ್ಲಾನೂ ಬಿಚ್ಚಕ್ಕೆ ಸುಲಭ ಆದ್ರೆ ಫೈಲ್ ದೊಡ್ಡದಾಗೋ ಪ್ರೊರೆಸ್ 422 ಎಚ್‌ಕ್ಯೂ ಮಾಡ್ಕೊಳ್ತಾರೆ, ಅದು 3840 ಬೈ 2160ರಲ್ಲಿ 25 ಫ್ರೇಮಿಗೆ ಸೆಕೆಂಡಿಗೆ 737 ಮೆಗಾಬಿಟ್, ಅಂದ್ರೆ 92 ಎಂಬಿ ಹತ್ರ. ಮೂರು ಕ್ಯಾಮೆರಾ ಒಟ್ಟಿಗೆ ಓಡಿಸಿದ್ರೆ 276 ಎಂಬಿ, ಒಂದು ಡಿಸ್ಕ್ ಕೈಲಿ ಆಗಲ್ಲ, ಅಲ್ಲಿ ಸ್ಟ್ರೈಪ್ ನಿಜವಾಗ್ಲೂ ಬೇಕು.

ನೆಟ್‌ವರ್ಕ್ ಮೇಲೆ ಕೂತು ಎಡಿಟ್ ಮಾಡೋರು ಇದನ್ನೂ ನೋಡಿ: ಮಾಮೂಲಿ ಗಿಗಾಬಿಟ್ ಕೇಬಲ್‌ನಲ್ಲಿ ಬರೋದೇ ಸೆಕೆಂಡಿಗೆ 110-115 ಎಂಬಿ, ಅದನ್ನ ಒಂದೇ ಒಂದು ಹಾರ್ಡ್ ಡಿಸ್ಕ್ ತುಂಬಿಸಿಬಿಡತ್ತೆ, ಹಿಂದೆ ಎಷ್ಟೇ ಸ್ಟ್ರೈಪ್ ಮಾಡಿದ್ರೂ ಈ ಕಡೆ ಅಷ್ಟೇ. ಭಾವನ ಹತ್ರ 10 ಗಿಗಾಬಿಟ್ ಕಾರ್ಡ್ ಇತ್ತು, ಹಾಗಾಗಿ ಮುಂದುವರಿದ್ವಿ. ಅದೇ ತರ ಒಂದೇ ಯುಎಸ್‌ಬಿ ಹಬ್‌ಗೆ ಎರಡು ಡಿಸ್ಕ್ ಚುಚ್ಚಿ ಸ್ಟ್ರೈಪ್ ಮಾಡೋದು, ದಾರಿ ಒಂದೇ ಆದ್ಮೇಲೆ ಗಾಡಿ ಎರಡಾದ್ರೆ ಏನು ಬಂತು, ಅದ್ರ ಮೇಲೆ ಒಂದು ಕೇಬಲ್ ಅಲ್ಲಾಡಿದ್ರೆ ಪೂರ್ತಿ ಅರೇ (ಸೇರ್ಸಿದ ಡಿಸ್ಕ್‌ಗಳ ಗುಂಪು) ಬಿದ್ದೋಗತ್ತೆ.

ಇನ್ನು ಚಂಕ್ ಸೈಜ್. ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗೋಣ, ಯಾಕಂದ್ರೆ ಎಂಡಿನಾ ಎಲ್‌ವಿಎಂಮಾ ಅನ್ನೋದಕ್ಕಿಂತ ಜಾಸ್ತಿ ವ್ಯತ್ಯಾಸ ಇದ್ರಿಂದಲೇ ಬರೋದು, ಜನ ಎರಡನ್ನ ಹೋಲಿಸಿ ಒಂದು ಫಾಸ್ಟು ಇನ್ನೊಂದು ಸ್ಲೋ ಅನ್ನೋದೂ ಬಹಳಷ್ಟು ಸಲ ಇದನ್ನ ನೋಡ್ದೇನೆ. ಎಂಡಿಲಿ ಏನೂ ಹೇಳ್ದೇ ಇದ್ರೆ ಚಂಕ್ 512 ಕೆಬಿ, ಎಲ್‌ವಿಎಂಲಿ ಏನೂ ಹೇಳ್ದೇ ಇದ್ರೆ 64 ಕೆಬಿ, ಬಿಟಿಆರ್‌ಎಫ್‌ಎಸ್‌ನಲ್ಲಿ 64 ಕೆಬಿ ಫಿಕ್ಸ್, ಬದಲಾಯಿಸಕ್ಕೇ ಆಗಲ್ಲ. ಡಿಫಾಲ್ಟಲ್ಲಿ ಕಟ್ಟಿ ಹೋಲಿಸಿದ್ರೆ ನೀವು ಹೋಲಿಸ್ತಿರೋದು ಚಂಕ್ ಸೈಜನ್ನ.

ಒಂದು ಹಾರ್ಡ್ ಡಿಸ್ಕ್ ಒಳಗೆ ಏನಾಗತ್ತೆ ನೋಡಿ. 7200 ಆರ್‌ಪಿಎಂ ಡಿಸ್ಕ್ ಅರ್ಧ ಸುತ್ತು ಸುತ್ತಕ್ಕೇ 4.17 ಮಿಲಿಸೆಕೆಂಡ್ ತಗೊಳ್ಳತ್ತೆ, ಅದ್ರ ಮೇಲೆ ಹೆಡ್ ಆಚೆ ಈಚೆ ಓಡಾಡೋದು ಇನ್ನೊಂದು ಎಂಟೊಂಬತ್ತು ಮಿಲಿಸೆಕೆಂಡ್, ಹಾಗಾಗಿ ಎಲ್ಲೆಲ್ಲೋ ಚದುರಿರೋ ಚಿಕ್ಕ ಚಿಕ್ಕ ಓದು ಸೆಕೆಂಡಿಗೆ ನೂರರ ಒಳಗೇ ಸಿಗೋದು. ಈಗ ಡೇಟಾಬೇಸ್ ಒಂದು 16 ಕೆಬಿ ಪೇಜ್ ಕೇಳ್ತು ಅಂದ್ಕೊಳ್ಳಿ. ಚಂಕ್ 512 ಕೆಬಿ ಇದ್ರೆ ಆ ಪೇಜ್ ಒಂದೇ ಡಿಸ್ಕಲ್ಲಿ ಕೂತಿರತ್ತೆ, ಒಂದೇ ಹೆಡ್ ಓಡತ್ತೆ, ಇನ್ನೊಂದು ಡಿಸ್ಕ್ ಬೇರೆಯವ್ರ ಪೇಜ್ ತರಕ್ಕೆ ಫ್ರೀ. ಚಂಕ್ 4 ಕೆಬಿ ಮಾಡಿಟ್ರೆ ಅದೇ 16 ಕೆಬಿಗೆ ಎರಡೂ ಡಿಸ್ಕಿನ ಹೆಡ್ ಓಡ್ಬೇಕು, ಯಾವ್ದು ಲೇಟೋ ಅದಕ್ಕೆ ಕಾಯ್ಬೇಕು, ಎರಡು ಡಿಸ್ಕ್ ದುಡ್ಡು ಕೊಟ್ಟು ಒಂದು ಡಿಸ್ಕಿನ ಕೆಲಸ ತಗೊಂಡಂಗೆ. ಪೋಸ್ಟ್‌ಗ್ರೆಸ್ ಪೇಜ್ 8 ಕೆಬಿ, ಮೈಎಸ್‌ಕ್ಯೂಎಲ್‌ನ ಇನ್ನೋಡಿಬಿ ಪೇಜ್ 16 ಕೆಬಿ, ಎರಡಕ್ಕೂ ಚಂಕ್ ದೊಡ್ಡದಿದ್ರೇನೇ ಒಳ್ಳೇದು, 256 ಅಥವಾ 512 ಇಡಿ.

ವಿಡಿಯೋ ತರ ಉದ್ದಕ್ಕೆ ಓದ್ಕೊಂಡು ಹೋಗೋ ಕೆಲಸಕ್ಕೆ ಲೆಕ್ಕ ಬೇರೆ. ಅಲ್ಲಿ ಎರಡೂ ಡಿಸ್ಕ್ ಒಟ್ಟಿಗೆ ಓಡ್ಬೇಕಂದ್ರೆ ಕರ್ನಲ್ ಮುಂದಕ್ಕೆ ಓದಿಟ್ಕೊಳ್ಳೋ ಅಳತೆ, ಅದೇ ರೀಡ್‌ಅಹೆಡ್, ಕಡೇಪಕ್ಷ ಚಂಕ್ ಗುಣಿಸು ಡಿಸ್ಕ್ ಸಂಖ್ಯೆ ಅಷ್ಟಾದ್ರೂ ಇರ್ಬೇಕು. 512 ಕೆಬಿ ಚಂಕ್ ಎರಡು ಡಿಸ್ಕ್ ಅಂದ್ರೆ 1 ಎಂಬಿ. ಎಂಡಿ ಅರೇ ಕಟ್ಟಿದಾಗ ಅದೇ ಇದನ್ನ ಸ್ಟ್ರೈಪಿನ ಎರಡರಷ್ಟು ಇಟ್ಕೊಳ್ಳತ್ತೆ, ಆದ್ರೂ ಬ್ಲಾಕ್‌ಡೆವ್ ಕಮಾಂಡಿಂದ ಒಂದ್ಸಲ ನೋಡ್ಕೊಳ್ಳಿ, ಅದು ತೋರ್ಸೋ ಸಂಖ್ಯೆ 512 ಬೈಟ್ ಸೆಕ್ಟರ್ ಲೆಕ್ಕದಲ್ಲಿ, 4096 ಅಂದ್ರೆ 2 ಎಂಬಿ. ರೀಡ್‌ಅಹೆಡ್ ಕಮ್ಮಿ ಇದ್ರೆ ಒಂದ್ಸಲ ಈ ಡಿಸ್ಕ್ ಒಂದ್ಸಲ ಆ ಡಿಸ್ಕ್ ಅಂತ ಸರದಿ ಮೇಲೆ ಓದತ್ತೆ, ಸ್ಟ್ರೈಪ್ ಇದ್ದೂ ಇಲ್ದಂಗೆ.

ಒಂದೇ ಪ್ರೋಗ್ರಾಮ್ ಒಂದು ಚಿಕ್ಕ ಬ್ಲಾಕ್ ಕೇಳಿ, ಅದು ಬಂದ್ಮೇಲೇನೇ ಇನ್ನೊಂದು ಕೇಳೋ ಅಂಥದ್ದಾದ್ರೆ ಯಾವ ಸ್ಟ್ರೈಪಿಂಗೂ ಸಹಾಯ ಮಾಡಲ್ಲ. ಸ್ಟ್ರೈಪ್‌ನಿಂದ ಒಟ್ಟು ಸಾಮರ್ಥ್ಯ ಜಾಸ್ತಿ ಆಗತ್ತೆ ಹೊರತು ಒಂದೊಂದು ಓದಿಗೆ ಹಿಡಿಯೋ ಟೈಮ್ ಕಮ್ಮಿ ಆಗಲ್ಲ. ಅಂಥ ಕಡೆ ಹಾರ್ಡ್ ಡಿಸ್ಕ್ ತೆಗೆದು ಒಂದು ಎಸ್‌ಎಸ್‌ಡಿ ಹಾಕೋದೇ ದಾರಿ, ನಾಲ್ಕು ಹಾರ್ಡ್ ಡಿಸ್ಕ್ ಸ್ಟ್ರೈಪಿಗಿಂತ ಒಂದು ಎಸ್‌ಎಸ್‌ಡಿ ಎಷ್ಟೋ ಮೇಲು.

ಸರಿ, ಈಗ ಒಂದೊಂದೇ.

ಎಂಡಿ ರೇಡ್0, ಅಂದ್ರೆ ಎಂಡಿಎಡಿಎಂ ಕಮಾಂಡಿಂದ ಕಟ್ಟೋದು. ಇಡೀ ಡಿಸ್ಕನ್ನ ಒಂದೇ ಕೆಲಸಕ್ಕೆ ಕೊಡ್ತೀರ, ಅದು ಹೋದ್ರೂ ಪರವಾಗಿಲ್ಲ, ಜಾಸ್ತಿ ತಲೆ ಕೆಡಿಸ್ಕೊಳ್ಳದೆ ಸ್ಪೀಡ್ ಬೇಕು ಅಂದ್ರೆ ಇದು. ಕ್ರಿಯೇಟ್ ಆಪ್ಷನ್, ಲೆವೆಲ್ 0, ಡಿವೈಸ್ ಸಂಖ್ಯೆ 2, ಚಂಕ್ 512, ಕೊನೇಲಿ ಎರಡು ಪಾರ್ಟಿಷನ್ ಹೆಸರು, ಅಷ್ಟೆ, ಎರಡು ಸೆಕೆಂಡಲ್ಲಿ ರೆಡಿ, ರೇಡ್5 (ಒಂದು ಡಿಸ್ಕ್ ಸತ್ರೂ ಡೇಟಾ ಉಳಿಸೋ ಬಗೆ) ತರ ಗಂಟೆಗಟ್ಟಲೆ ಸಿಂಕ್ ಆಗೋದಿಲ್ಲ. ಇನ್ನೊಂದು ಲಿನಕ್ಸ್ ಮೆಷಿನ್ನಿಗೆ ಡಿಸ್ಕ್ ಎರಡೂ ತಗೊಂಡೋಗಿ ಹಾಕಿದ್ರೆ ಅಸೆಂಬಲ್ ಆಗತ್ತೆ. ಮುಂದೆ ಡಿಸ್ಕ್ ಸೇರಿಸ್ಬೇಕಾದ್ರೂ ಗ್ರೋ ಆಪ್ಷನ್ ಇದೆ, ಅದು ಒಳಗೊಳಗೇ ಸ್ವಲ್ಪ ಹೊತ್ತು ರೇಡ್4 ಮಾಡ್ಕೊಂಡು ಎಲ್ಲಾ ಡೇಟಾನೂ ಮೂರು ಡಿಸ್ಕಿಗೆ ಹೊಸದಾಗಿ ಹರಡತ್ತೆ, ದೊಡ್ಡ ಡಿಸ್ಕಿಗೆ ದಿನಾನೇ ಹಿಡಿಬೋದು. ಹಾಗೆ ಮಾಡೋ ಮುಂಚೆ ಬ್ಯಾಕಪ್ ಹೇಗೂ ಬೇಕು ತಾನೆ, ಬ್ಯಾಕಪ್ ಇದ್ರೆ ಒಡೆದು ಹೊಸದಾಗಿ ಕಟ್ಟಿ ಕಾಪಿ ಹಾಕೋದು ನಂಗೆ ಜಾಸ್ತಿ ನೆಮ್ಮದಿ.

ಎರಡು ಡಿಸ್ಕಿನ ಸೈಜ್ ಬೇರೆ ಬೇರೆ ಇದ್ರೆ ಎಂಡಿ ಅದನ್ನೂ ಒಪ್ಕೊಳ್ಳತ್ತೆ, 4 ಟಿಬಿ ಮತ್ತೆ 6 ಟಿಬಿ ಕೊಟ್ರೆ ಮೊದಲ 8 ಟಿಬಿ ಎರಡ್ರಲ್ಲೂ ಹಂಚಿ, ಉಳಿದ 2 ಟಿಬಿ ದೊಡ್ಡ ಡಿಸ್ಕಲ್ಲಿ ಮಾತ್ರ ಇಡತ್ತೆ, ಅಂದ್ರೆ ಅರೇ ತುಂಬ್ತಾ ತುಂಬ್ತಾ ಕೊನೆ ಭಾಗದಲ್ಲಿ ಸ್ಪೀಡ್ ಒಂದು ಡಿಸ್ಕಿಂದೇ. ಹಳೇ ಕರ್ನಲ್‌ನಲ್ಲಿ ಹೀಗೆ ಅಸಮ ಡಿಸ್ಕಿಂದ ಕಟ್ಟಿದ ಅರೇಗೆ 5.4 ಕರ್ನಲ್ ಬಂದಾಗ ಲೇಔಟ್ ಯಾವ್ದು ಅಂತ ಹೇಳೋವರೆಗೂ ಸ್ಟಾರ್ಟ್ ಆಗಲ್ಲ ಅಂತ ಕೂತ್ಕೊಳ್ತಿತ್ತು, 3.14ರಲ್ಲಿ ಲೇಔಟ್ ಸದ್ದಿಲ್ದೆ ಬದಲಾಗಿದ್ದೇ ಕಾರಣ. ಇವೆಲ್ಲ ರಗಳೆ ಬೇಡ, ಸಮ ಸೈಜಿನ ಪಾರ್ಟಿಷನ್ ಮಾಡಿ ಕೊಡಿ. ಸೈಜ್ ಅಷ್ಟೇ ಅಲ್ಲ ಸ್ಪೀಡೂ ಸಮ ಇರ್ಲಿ, ಒಂದು 7200 ಒಂದು 5400 ಜೋಡಿ ಮಾಡಿದ್ರೆ ಎತ್ತು ಏರಿಗೆ ಎಳೀತು ಕೋಣ ನೀರಿಗೆ ಎಳೀತು ಅನ್ನೋ ಹಾಗೆ, ಫಾಸ್ಟ್ ಡಿಸ್ಕ್ ಪ್ರತಿ ಸುತ್ತಿನಲ್ಲೂ ಸ್ಲೋ ಡಿಸ್ಕಿಗೆ ಕಾಯ್ತಾ ನಿಂತಿರತ್ತೆ.

ಎಲ್‌ವಿಎಂ ಸ್ಟ್ರೈಪ್. ಭಾವನ ಬಾಕ್ಸಿಗೆ ಕೊನೆಗೆ ಹಾಕಿದ್ದು ಇದನ್ನೇ, ಕಾರಣ ಒಂದೇ, ಅದೇ ಎರಡು ಡಿಸ್ಕ್ ಮೇಲೆ ಒಂದು ವಾಲ್ಯೂಮ್ ಸ್ಟ್ರೈಪ್ ಮಾಡಿ ಇನ್ನೊಂದು ವಾಲ್ಯೂಮ್ ಮಿರರ್ ಮಾಡ್ಬೋದು. ಪ್ರೊರೆಸ್ ಫೈಲು, ಕ್ಯಾಶ್, ರೆಂಡರ್ ಇವೆಲ್ಲ ಹೋದ್ರೆ ಮತ್ತೆ ಮಾಡ್ಕೋಬೋದು, ಅದಕ್ಕೆ 5 ಟಿಬಿ ಸ್ಟ್ರೈಪ್. ಪ್ರಾಜೆಕ್ಟ್ ಫೈಲು, ಗ್ರಾಹಕರ ಆಲ್ಬಮ್ ಇವಕ್ಕೆ 1 ಟಿಬಿ ರೇಡ್1, ಅಂದ್ರೆ ಮಿರರ್, ಅದು ಎರಡೂ ಡಿಸ್ಕಲ್ಲಿ ಒಂದೊಂದು ಕಾಪಿ. ಎಂಡಿಲಿ ಇದೇ ಮಾಡ್ಬೇಕಂದ್ರೆ ಮೊದ್ಲೇ ಪಾರ್ಟಿಷನ್ ಗೆರೆ ಎಳ್ಕೋಬೇಕು, ಆಮೇಲೆ ಹೆಚ್ಚು ಕಮ್ಮಿ ಮಾಡೋದು ಕಷ್ಟ. ಎಲ್‌ವಿಎಂಲಿ ಖಾಲಿ ಜಾಗ ಉಳಿಸಿಟ್ಟು ಯಾವ್ದು ಬೇಕೋ ಅದನ್ನ ಬೆಳೆಸ್ತಾ ಹೋಗ್ಬೋದು.

ಕಟ್ಟೋದು ಹೀಗೆ: ಎರಡು ಪಾರ್ಟಿಷನ್ನಿಗೂ ಪಿವಿಕ್ರಿಯೇಟ್, ಎರಡೂ ಸೇರ್ಸಿ ವಿಜಿಕ್ರಿಯೇಟ್, ಆಮೇಲೆ ಎಲ್‌ವಿಕ್ರಿಯೇಟ್ ಕೊಡೋವಾಗ ಸ್ಟ್ರೈಪ್ಸ್ 2, ಸ್ಟ್ರೈಪ್‌ಸೈಜ್ 256ಕೆ ಅಂತ ಮರೀದೆ ಹೇಳಿ. ಚಿಕ್ಕ ಐ ಅಕ್ಷರದ ಆಪ್ಷನ್ ಅಂದ್ರೆ ಎಷ್ಟು ಡಿಸ್ಕ್, ದೊಡ್ಡ ಐ ಅಕ್ಷರದ ಆಪ್ಷನ್ ಅಂದ್ರೆ ಸ್ಟ್ರೈಪ್ ಸೈಜ್, ಇವೆರಡು ಅದಲು ಬದಲು ಆಗ್ಬಾರ್ದು ಅಂತ ನಾನು ಯಾವಾಗ್ಲೂ ಉದ್ದ ಹೆಸರೇ ಟೈಪ್ ಮಾಡ್ತೀನಿ. ಮುಗಿದ್ಮೇಲೆ ಮೇಲೆ ಹೇಳಿದ ಎಲ್‌ವಿಎಸ್ ಸೆಗ್ಮೆಂಟ್ಸ್ ನೋಡಿ, ಸ್ಟ್ರೈಪ್ಡ್, 2 ಅಂತ ಬಂದ್ರೆ ಸರಿ. ಲೀನಿಯರ್ ಆಗಿಬಿಟ್ಟಿರೋ ವಾಲ್ಯೂಮನ್ನ ಸ್ಟ್ರೈಪ್ ಮಾಡೋದು ಸುತ್ತು ದಾರಿ, ಡೇಟಾ ಬೇರೆ ಕಡೆ ತೆಗೆದಿಟ್ಟು ಹೊಸದಾಗಿ ಮಾಡೋದೇ ಬೇಗ ಆಗೋದು, ನಾನೂ ಹಾಗೇ ಮಾಡಿದ್ದು, ಒಂದು ರಾತ್ರಿ ಪೂರ್ತಿ ಕಾಪಿಗೇ ಹೋಯ್ತು.

ಎಲ್‌ವಿಎಂಲಿ ಜನ ಸಿಕ್ಕಾಕೊಳ್ಳೋ ಇನ್ನೊಂದು ಜಾಗ ಇದೆ. ಎರಡು ಡಿಸ್ಕಿನ ಸ್ಟ್ರೈಪ್ ತುಂಬ್ತು, ಮೂರನೇ ಡಿಸ್ಕ್ ತಂದು ಗ್ರೂಪಿಗೆ ಸೇರ್ಸಿ ಎಲ್‌ವಿಎಕ್ಸ್‌ಟೆಂಡ್ ಕೊಟ್ರೆ ಸಾಕಷ್ಟು ಎಕ್ಸ್‌ಟೆಂಟ್ (ಎಲ್‌ವಿಎಂ ಜಾಗ ಹಂಚೋ ತುಂಡು) ಇಲ್ಲ ಅಂತ ಎರರ್ ಬರತ್ತೆ, ಅಷ್ಟೊಂದು ಖಾಲಿ ಜಾಗ ಕಣ್ಮುಂದೆ ಇದ್ರೂನೂ. ಯಾಕಂದ್ರೆ ಸ್ಟ್ರೈಪ್ 2 ಅಂತ ಹೇಳಿದೀರ, ಬೆಳೆಯಕ್ಕೂ ಅದಕ್ಕೆ ಎರಡು ಬೇರೆ ಬೇರೆ ಡಿಸ್ಕಲ್ಲಿ ಜಾಗ ಬೇಕು. ಒಂದೋ ಎರಡು ಡಿಸ್ಕ್ ಒಟ್ಟಿಗೆ ತನ್ನಿ, ಇಲ್ಲಾಂದ್ರೆ ಸ್ಟ್ರೈಪ್ 1 ಅಂತ ಹೇಳಿ ಬೆಳೆಸಿ, ಆಗ ಬೆಳೆದ ಭಾಗ ಮಾತ್ರ ಲೀನಿಯರ್ ಆಗಿ ನಿಧಾನ ಆಗಿರತ್ತೆ. ವಿಂಡೋಸಿನ ಸ್ಟೋರೇಜ್ ಸ್ಪೇಸಸ್‌ನಲ್ಲಿ ಸಿಂಪಲ್ ಟೈಪ್ ಮಾಡೋರಿಗೂ ಇದೇ ಕಥೆ, ಅಲ್ಲಿ ಕಾಲಮ್ ಅಂತಾರೆ, ಕಟ್ಟಿದಾಗ ಎಷ್ಟು ಕಾಲಮ್ಮೋ ಕೊನೇವರೆಗೂ ಅಷ್ಟೇ, ಇಂಟರ್‌ಲೀವ್, ಅಂದ್ರೆ ಅಲ್ಲಿನ ಚಂಕ್, ಡಿಫಾಲ್ಟ್ 256 ಕೆಬಿ.

ಸ್ನ್ಯಾಪ್‌ಶಾಟ್ ಇದೆ ಅಂತ ಎಲ್‌ವಿಎಂ ಆರಿಸೋರಿಗೆ ಒಂದು ಮಾತು, ಹಳೇ ಶೈಲಿಯ ಸ್ನ್ಯಾಪ್‌ಶಾಟ್ ಇಟ್ಕೊಂಡಿರೋವಷ್ಟು ಹೊತ್ತೂ ಬರೆಯೋ ಸ್ಪೀಡ್ ಚೆನ್ನಾಗಿ ಬೀಳತ್ತೆ, ಬ್ಯಾಕಪ್ ತಗೊಳ್ಳೋವಷ್ಟು ಹೊತ್ತು ಇಟ್ಟು ತೆಗೆದುಬಿಡಿ.

ಬಿಟಿಆರ್‌ಎಫ್‌ಎಸ್‌ನಲ್ಲಿ ಫೈಲ್‌ಸಿಸ್ಟಮ್ಮೇ ಸ್ಟ್ರೈಪ್ ಮಾಡತ್ತೆ. ಇದ್ರಲ್ಲಿ ನಂಗೆ ಇಷ್ಟ ಆಗೋದು ಡೇಟಾ ರೇಡ್0 ಇಟ್ಟು ಮೆಟಾಡೇಟಾ (ಯಾವ ಫೈಲ್ ಎಲ್ಲಿದೆ ಅನ್ನೋ ಮಾಹಿತಿ) ರೇಡ್1 ಇಡಕ್ಕೆ ಬರೋದು, ಜೊತೆಗೆ ಚೆಕ್‌ಸಮ್ (ಡೇಟಾ ಕೆಟ್ಟಿದ್ಯಾ ಅಂತ ತಾಳೆ ನೋಡೋ ಸಂಖ್ಯೆ) ಇರೋದ್ರಿಂದ ಕೊಳೆತ ಬ್ಲಾಕನ್ನ ಸರಿ ಮಾಡಕ್ಕಾಗ್ದಿದ್ರೂ ಇದು ಕೆಟ್ಟಿದೆ ಅಂತ ಹೇಳತ್ತೆ, ಸುಮ್ನೆ ಕೆಟ್ಟ ಫ್ರೇಮ್ ಕೊಟ್ಟು ಕೈ ತೊಳ್ಕೊಳ್ಳಲ್ಲ. ಡಿಸ್ಕ್ ಸೇರ್ಸಿ ಬ್ಯಾಲೆನ್ಸ್ ಓಡಿಸಿದ್ರೆ ಮೌಂಟ್ ಆಗಿರೋವಾಗ್ಲೇ ಹಳೇ ಡೇಟಾನೂ ಹೊಸ ಡಿಸ್ಕಿಗೆ ಹರಡ್ಕೊಳ್ಳತ್ತೆ, ರೇಡ್0ಯಿಂದ ರೇಡ್1ಕ್ಕೆ ಬದಲಾಯಿಸೋದೂ ಅದೇ ಬ್ಯಾಲೆನ್ಸಿಂದ. ಮನೇಲಿ ಡಿಸ್ಕ್ ಆಗಾಗ ಬದಲಾಯಿಸೋರಿಗೆ ಇದು ತುಂಬಾ ಅನುಕೂಲ. ಆದ್ರೆ ಡೇಟಾದ ಪ್ರೊಫೈಲ್ (ರೇಡ್0 ಅಥವಾ ರೇಡ್1 ಅನ್ನೋ ಆಯ್ಕೆ) ಇಡೀ ಫೈಲ್‌ಸಿಸ್ಟಮ್ಮಿಗೆ ಒಂದೇ, ಈ ಸಬ್‌ವಾಲ್ಯೂಮ್ (ಅದ್ರೊಳಗಿನ ಒಂದು ಭಾಗ) ಸ್ಟ್ರೈಪ್ ಆ ಸಬ್‌ವಾಲ್ಯೂಮ್ ಮಿರರ್ ಅಂತ ಮಾಡಕ್ಕಾಗಲ್ಲ. ಡೇಟಾಬೇಸ್, ವರ್ಚುವಲ್ ಮೆಷಿನ್ ಇಮೇಜ್ ತರ ಒಂದೇ ಫೈಲ್ ಒಳಗೆ ಮತ್ತೆ ಮತ್ತೆ ಬರೆಯೋ ಕೆಲಸಕ್ಕೆ ಫೈಲ್ ಚೂರು ಚೂರಾಗಿ ನಿಧಾನ ಆಗತ್ತೆ, ಅದನ್ನ ತಪ್ಪಿಸಕ್ಕೆ ನೋಡೇಟಾಕೌ (ಹೊಸ ಜಾಗಕ್ಕೆ ಬರೀದೆ ಹಳೇ ಜಾಗದಲ್ಲೇ ಬರೆಯೋ ಆಪ್ಷನ್) ಹಾಕಿದ್ರೆ ಚೆಕ್‌ಸಮ್ಮೂ ಹೋಗತ್ತೆ.

ಜೆಡ್‌ಎಫ್‌ಎಸ್ ಬಗ್ಗೆ ಚಿಕ್ಕದಾಗಿ: ಪೂಲಿಗೆ (ಅದ್ರ ಡಿಸ್ಕ್ ಗುಂಪಿಗೆ) ಎರಡು ಡಿಸ್ಕ್ ಸುಮ್ನೆ ಕೊಟ್ರೆ ಅದು ತಾನಾಗೇ ಸ್ಟ್ರೈಪ್, ಚಂಕ್ ಅಂತ ಫಿಕ್ಸ್ ಅಳತೆ ಇಲ್ಲ, ಯಾವ ಡಿಸ್ಕಲ್ಲಿ ಜಾಗ ಜಾಸ್ತಿ ಇದ್ಯೋ ಆ ಕಡೆಗೆ ಹೆಚ್ಚು ಬರೀತಾ ಹೋಗತ್ತೆ. ರೆಕಾರ್ಡ್‌ಸೈಜ್ (ಫೈಲಿನ ಒಂದು ಬ್ಲಾಕ್ ಹೆಚ್ಚಂದ್ರೆ ಎಷ್ಟು) ಡಿಫಾಲ್ಟ್ 128 ಕೆಬಿ, ವಿಡಿಯೋಗೆ 1 ಎಂಬಿ ಮಾಡ್ಕೊಳ್ಳಿ, ಪೂಲ್ ಮಾಡೋವಾಗ ಎಶಿಫ್ಟ್ 12 (ಡಿಸ್ಕಿನ ಸೆಕ್ಟರ್ 4 ಕೆಬಿ ಅಂತ ಅರ್ಥ) ಅಂತ ಕೊಡೋದು ಮರೀಬೇಡಿ, ಆಮೇಲೆ ಬದಲಾಗಲ್ಲ. ಹೊಸ ಡಿಸ್ಕ್ ಸೇರಿಸಿದ್ರೆ ಹಳೇ ಫೈಲ್ ಹಳೇ ಡಿಸ್ಕಲ್ಲೇ ಉಳಿಯತ್ತೆ, ಅವಕ್ಕೆ ಸ್ಪೀಡ್ ಸಿಗಲ್ಲ. ಲೈಸೆನ್ಸ್ ಕಾರಣಕ್ಕೆ ಮುಖ್ಯ ಕರ್ನಲ್ ಒಳಗೆ ಇಲ್ಲ, ಕೆಲವು ಡಿಸ್ಟ್ರೋಗಳಲ್ಲಿ ಕರ್ನಲ್ ಅಪ್‌ಡೇಟ್ ಆದಾಗೆಲ್ಲ ಮಾಡ್ಯೂಲ್ ಹೊಸದಾಗಿ ಕಂಪೈಲ್ ಆಗ್ಬೇಕು. ರ್‍ಯಾಮ್ ಚೆನ್ನಾಗಿದ್ದು ಕಂಪ್ರೆಷನ್, ಸ್ನ್ಯಾಪ್‌ಶಾಟ್, ಇನ್ನೊಂದು ಮೆಷಿನ್ನಿಗೆ ಕಳಿಸೋದು ಎಲ್ಲಾ ಬೇಕಂದ್ರೆ ತುಂಬಾ ಒಳ್ಳೇದು, ಬರೀ ಸ್ಟ್ರೈಪಿಗೋಸ್ಕರ ನಾನು ಇದನ್ನ ಹಾಕಲ್ಲ.

ಇನ್ನೊಂದು ಆಯ್ಕೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ ಅಂತ ಸ್ವಲ್ಪ ಜೋರಾಗೇ ಹೇಳ್ತೀನಿ. ಎಂಡಿಲಿ ರೇಡ್10 ಮಾಡಕ್ಕೆ ನಾಲ್ಕು ಡಿಸ್ಕ್ ಬೇಕಿಲ್ಲ, ಎರಡೇ ಸಾಕು, ಲೇಔಟ್ ಎಫ್2 ಅಂತ ಕೊಡ್ಬೇಕು, ಎಫ್ ಅಂದ್ರೆ ಫಾರ್, ದೂರ. ಮೊದಲ ಕಾಪಿನ ರೇಡ್0 ತರಾನೇ ಎರಡೂ ಡಿಸ್ಕಿನ ಮೊದಲರ್ಧದಲ್ಲಿ ಹಂಚಿ, ಎರಡನೇ ಕಾಪಿನ ಡಿಸ್ಕ್ ಅದಲು ಬದಲು ಮಾಡಿ ಕೊನೇ ಅರ್ಧದಲ್ಲಿ ಇಡತ್ತೆ. ಉದ್ದಕ್ಕೆ ಓದೋ ಸ್ಪೀಡ್ ರೇಡ್0 ಹತ್ರ ಹತ್ರಾನೇ ಬರತ್ತೆ, ಅದೂ ಒಂದು ಡಿಸ್ಕ್ ಸತ್ರೆ ಡೇಟಾ ಉಳ್ಕೊಂಡು. ಜಾಗ ಅರ್ಧ ಆಗತ್ತೆ, ಬರೆಯೋವಾಗ ಹೆಡ್ ಎರಡು ಜಾಗಕ್ಕೆ ಓಡ್ಬೇಕಾಗಿ ಬರೆಯೋದು ನಿಧಾನ. ಒಂದ್ಸಲ ಬರೆದು ಹತ್ತು ಸಲ ಓದೋ ಕೆಲಸ ಇದ್ದು, ಜಾಗ ಬಿಟ್ಕೊಡಕ್ಕೆ ಆಗತ್ತೆ ಅಂದ್ರೆ ರೇಡ್0 ಮರ್ತು ಇದನ್ನ ಹಾಕಿ.

ಫೈಲ್‌ಸಿಸ್ಟಮ್ ಹಾಕೋವಾಗ ಸ್ಟ್ರೈಪ್ ಅಳತೆ ಅದಕ್ಕೂ ಗೊತ್ತಿರ್ಬೇಕು. ಎಂಡಿ, ಎಲ್‌ವಿಎಂ ಮೇಲೆ ನೇರವಾಗಿ ಎಕ್ಸ್‌ಎಫ್‌ಎಸ್ ಫಾರ್ಮ್ಯಾಟ್ ಮಾಡಿದ್ರೆ ತಾನೇ ಕಂಡ್ಕೊಳ್ಳತ್ತೆ. 512 ಕೆಬಿ ಚಂಕ್ ಮೇಲೆ ಮಾಡಿದ್ರೆ ಲಾಗ್ ಸ್ಟ್ರೈಪ್ ಯುನಿಟ್ ಜಾಸ್ತಿ ಆಯ್ತು, 256 ಕೆಬಿ ಮ್ಯಾಕ್ಸಿಮಮ್, 32ಕ್ಕೆ ಇಳಿಸಿದೀನಿ ಅಂತ ಒಂದು ವಾರ್ನಿಂಗ್ ಬರತ್ತೆ, ಗಾಬರಿ ಆಗ್ಬೇಡಿ, ಅದ್ರಿಂದ ಏನೂ ಹಾಳಾಗಲ್ಲ. ಇಎಕ್ಸ್‌ಟಿ4 ಆದ್ರೆ ಸ್ಟ್ರೈಡ್ ಅಂದ್ರೆ ಚಂಕ್ ಭಾಗಿಸು 4 ಕೆಬಿ, 512ಕ್ಕೆ 128, ಸ್ಟ್ರೈಪ್ ವಿಡ್ತ್ ಅಂದ್ರೆ ಅದನ್ನ ಡಿಸ್ಕ್ ಸಂಖ್ಯೆಯಿಂದ ಗುಣಿಸಿದ್ದು, ಎರಡಕ್ಕೆ 256. ಪಾರ್ಟಿಷನ್ 1 ಎಂಬಿ ಗೆರೆಯಿಂದ ಶುರುವಾಗಿರ್ಲಿ, ಈಗಿನ ಟೂಲ್‌ಗಳು ಹೇಗೂ ಅಲ್ಲಿಂದ್ಲೇ ಶುರು ಮಾಡ್ತವೆ.

ಟೆಸ್ಟ್ ಮಾಡೋದು ಎಫ್‌ಐಒ ಟೂಲಿಂದ. ಡಿಡಿ ಕಮಾಂಡಲ್ಲಿ ಸೊನ್ನೆ ಬರೆದು ಸ್ಪೀಡ್ ನೋಡೋ ಅಭ್ಯಾಸ ಬಿಡಿ, ರ್‍ಯಾಮ್ ಕ್ಯಾಶ್ ಅಡ್ಡ ಬರತ್ತೆ, ಕಂಪ್ರೆಷನ್ ಇದ್ರೆ ಸೊನ್ನೆ ಪೂರ್ತಿ ಮಾಯ ಆಗಿ ಎಲ್ಲಿಲ್ಲದ ಸಂಖ್ಯೆ ತೋರ್ಸತ್ತೆ. ಎಫ್‌ಐಒದಲ್ಲಿ ಡೈರೆಕ್ಟ್ 1, ಬ್ಲಾಕ್ 1 ಎಂಬಿ, ಐಓಡೆಪ್ತ್ (ಒಂದೇ ಸಲಕ್ಕೆ ಎಷ್ಟು ಓದು ಕೇಳ್ಬೇಕು) 16, ಒಂದು ನಿಮಿಷ ಓದೋ ಟೆಸ್ಟು, ಆಮೇಲೆ ಬ್ಲಾಕ್ 16 ಕೆಬಿ ರ್‍ಯಾಂಡಮ್ ಓದು ಡೆಪ್ತ್ 1ರಲ್ಲಿ ಒಂದ್ಸಲ, 32ರಲ್ಲಿ ಒಂದ್ಸಲ. ಮೊದ್ಲು ಒಂದೊಂದು ಡಿಸ್ಕನ್ನೂ ಬೇರೆ ಬೇರೆ ಟೆಸ್ಟ್ ಮಾಡಿ ಬರೆದಿಟ್ಕೊಳ್ಳಿ, ಆಮೇಲೆ ಅರೇ. ನೇರ ಡಿಸ್ಕ್ ಮೇಲೆ ಓದೋ ಟೆಸ್ಟ್ ಮಾತ್ರ ಮಾಡಿ, ರೀಡ್‌ಓನ್ಲಿ ಆಪ್ಷನ್ ಹಾಕೇ ಮಾಡಿ, ಬರೆಯೋ ಟೆಸ್ಟ್ ಕೊಟ್ರೆ ಇರೋದೆಲ್ಲ ಅಳಿಸಿ ಹೋಗತ್ತೆ. ಪಕ್ಕದಲ್ಲಿ ಐಓಸ್ಟ್ಯಾಟ್ ಇರ್ಲಿ, ಎರಡೂ ಡಿಸ್ಕಿನ ಎಂಬಿ ಸಮಾನವಾಗಿ ಓಡ್ತಿರ್ಬೇಕು. ಖಾಲಿ ಹಾರ್ಡ್ ಡಿಸ್ಕಲ್ಲಿ ಬರೋ ಸಂಖ್ಯೆ ನೋಡಿ ಲೆಕ್ಕ ಹಾಕ್ಬೇಡಿ, ಹೊರಗಿನ ಟ್ರ್ಯಾಕ್ ಫಾಸ್ಟು, ತುಂಬ್ತಾ ಒಳಗೆ ಹೋದಂಗೆ ಸ್ಪೀಡ್ ಅರ್ಧದ ಹತ್ರ ಬರತ್ತೆ. ಭಾವನ ಬಾಕ್ಸಲ್ಲಿ ಶುರುವಲ್ಲಿ 340 ಎಂಬಿ ಬಂತು, ಮೂರು ಸ್ಟ್ರೀಮಿಗೆ ಸಾಕು ಅಂತ ಖುಷಿ ಪಟ್ರೆ ಸಾಲದು, ಒಳಗಿನ ಭಾಗಕ್ಕೆ ಹೋದಾಗ ಸಾಕಾಗಲ್ಲ, ಅದಕ್ಕೇ 8 ಟಿಬಿಲಿ 5 ಟಿಬಿ ಮಾತ್ರ ಸ್ಟ್ರೈಪಿಗೆ ಕೊಟ್ಟು ಒಳಗಿನ ಜಾಗ ಮಿರರ್ ವಾಲ್ಯೂಮಿಗೆ ಬಿಟ್ಟಿದ್ದು.

ಕ್ಲೌಡಲ್ಲಿ ಕೆಲಸ ಮಾಡೋರಿಗೆ ಎರಡೇ ಮಾತು. ಅಮೆಜಾನಿನ ಜಿಪಿ3 ವಾಲ್ಯೂಮ್ ಬೇಸ್‌ಲೈನ್ 3000 ಐಓಪಿಎಸ್ (ಸೆಕೆಂಡಿಗೆ ಎಷ್ಟು ಸಲ ಓದು ಬರಹ), ಸೆಕೆಂಡಿಗೆ 125 ಎಂಬಿ, ಸ್ಟ್ರೈಪ್ ಮಾಡೋ ಮುಂಚೆ ಒಂದೇ ವಾಲ್ಯೂಮಿಗೆ ದುಡ್ಡು ಕೊಟ್ಟು ಏರಿಸ್ಕೊಂಡ್ರೆ ಸಾಕಾಗತ್ತಾ ನೋಡಿ, ಮೆಷಿನ್ನಿಗೇ ಒಂದು ಮಿತಿ ಇರತ್ತೆ ಅದನ್ನೂ ನೋಡಿ, ಸ್ಟ್ರೈಪ್ ಮಾಡಿದ್ಮೇಲೆ ಸ್ನ್ಯಾಪ್‌ಶಾಟ್ ಎಲ್ಲಾ ವಾಲ್ಯೂಮಿಗೂ ಒಂದೇ ಕ್ಷಣಕ್ಕೆ ತಗೋಬೇಕು, ಒಂದೊಂದಾಗಿ ತಗೊಂಡ್ರೆ ಕೆಲಸಕ್ಕೆ ಬರಲ್ಲ. ಗೂಗಲಿನ 375 ಜಿಬಿ ಲೋಕಲ್ ಎಸ್‌ಎಸ್‌ಡಿ ತರದ್ದಕ್ಕೆ ಎಂಡಿ ರೇಡ್0 ಸರಿಯಾದ ಜೋಡಿ, ಅದು ಹೇಗೂ ತಾತ್ಕಾಲಿಕ ಡೇಟಾಗೆ ಇರೋ ಜಾಗ.

ಕಟ್ಟಿದ್ಮೇಲೆ ಕಣ್ಣಿಡೋದು. ರೇಡ್0ಕ್ಕೆ ಡಿಗ್ರೇಡೆಡ್ (ಒಂದು ಡಿಸ್ಕ್ ಹೋದ್ರೂ ಕುಂಟ್ಕೊಂಡು ಓಡೋದು) ಅನ್ನೋ ಸ್ಥಿತಿನೇ ಇಲ್ಲ, ಇದ್ರೆ ಇದೆ ಹೋದ್ರೆ ಹೋಯ್ತು, ಹಾಗಾಗಿ ಎಂಡಿಎಡಿಎಂ ಮಾನಿಟರ್ ಮೊದ್ಲೇ ಮೇಲ್ ಕಳಿಸತ್ತೆ ಅಂತ ನಂಬಬೇಡಿ. ಸ್ಮಾರ್ಟ್ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಕೊಡೋ ವರದಿ) ನೋಡ್ಬೇಕು, ಅದ್ರಲ್ಲೂ 5, 197, 198, 199 ಈ ನಾಲ್ಕು ಸಾಲು. ಮೊದಲ ಮೂರೂ ಡಿಸ್ಕಿನ ಮೇಲ್ಮೈ ಕೆಡ್ತಿದೆ ಅಂತ ಹೇಳ್ತವೆ, 199 ಮಾತ್ರ ಕೇಬಲ್ ಕಡೆಯದ್ದು. ಭಾವನ ಬಾಕ್ಸಲ್ಲಿ ಮಾಘ ಮಾಸದ ಮದುವೆಗಳ ನಡುವೆ ಒಂದಿನ ಸ್ಟ್ರೈಪ್ ವಾಲ್ಯೂಮ್ ಎರರ್ ಕೊಟ್ಟು ನಿಂತೋಯ್ತು, ನೋಡಿದ್ರೆ ಎಸ್‌ಡಿಸಿಯ 199 ನೂರುಗಟ್ಟಲೆ ಏರಿತ್ತು, ಬೇರೆ ಮೂರೂ ಸೊನ್ನೆ. ಸಾಟಾ ಕೇಬಲ್ ಬದಲಾಯಿಸಿ ಬೂಟ್ ಮಾಡಿ ಎಕ್ಸ್‌ಎಫ್‌ಎಸ್ ರಿಪೇರ್ ಓಡಿಸಿದ್ಮೇಲೆ ಎಲ್ಲಾ ವಾಪಸ್ ಬಂತು. ಕ್ಯಾಮೆರಾ ಕಾರ್ಡಿನ ಕಾಪಿ ಬೇರೆ ಡಿಸ್ಕಲ್ಲಿ ಇದ್ದಿದ್ರಿಂದ ಆ ಎರಡು ಗಂಟೆ ಯಾರೂ ನಿದ್ದೆಗೆಡ್ಬೇಕಾಗ್ಲಿಲ್ಲ.

ಕೊನೇಲಿ ಮಾಡ್ಬೇಕಾದ್ದು ಮೂರು ಚಿಲ್ಲರೆ ಕೆಲಸ ಇದಾವೆ. ಎಂಡಿ ಹಾಕಿದ್ರೆ ಡೀಟೇಲ್ ಸ್ಕ್ಯಾನ್ ಔಟ್‌ಪುಟನ್ನ ಎಂಡಿಎಡಿಎಂ ಕಾನ್ಫಿಗ್ ಫೈಲಿಗೆ ಸೇರ್ಸಿ, ಬೂಟ್ ಶುರುವಲ್ಲಿ ಲೋಡ್ ಆಗೋ ಇನಿಟ್‌ರ್‍ಯಾಮ್‌ಎಫ್‌ಎಸ್ ಅಪ್‌ಡೇಟ್ ಮಾಡಿ, ಇಲ್ದಿದ್ರೆ ರೀಬೂಟ್ ಆದ್ಮೇಲೆ ಎಂಡಿ0 ಹೋಗಿ ಎಂಡಿ127 ಅಂತ ಬಂದು ಕೂತಿರತ್ತೆ. ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟಲ್ಲಿ ಏನೇನು ಮೌಂಟ್ ಆಗ್ಬೇಕು ಅನ್ನೋ ಪಟ್ಟಿ) ಡಿವೈಸ್ ಹೆಸರು ಬೇಡ, ಯುಯುಐಡಿ (ಬದಲಾಗದ ಗುರುತಿನ ಸಂಖ್ಯೆ) ಹಾಕಿ, ಜೊತೆಗೆ ನೋಫೇಲ್ ಅಂತ ಸೇರಿಸಿ, ಸ್ಟ್ರೈಪ್ ಸತ್ತ ದಿನ ಮೆಷಿನ್ನಾದ್ರೂ ಬೂಟ್ ಆಗಿ ಮಿರರ್‌ನಲ್ಲಿರೋ ಪ್ರಾಜೆಕ್ಟ್ ಫೈಲ್ ತೆಗೆಯಕ್ಕೆ ಬರತ್ತೆ. ಆಮೇಲೆ ಎರಡೂ ಡಿಸ್ಕಿನ ಸೀರಿಯಲ್ ನಂಬರ್ ಒಂದು ಚೀಟಿ ಮೇಲೆ ಬರೆದು ಕ್ಯಾಬಿನೆಟ್ ಒಳಗೆ ಅಂಟ್ಸಿ, ಯಾವ್ದು ಎಸ್‌ಡಿಬಿ ಯಾವ್ದು ಎಸ್‌ಡಿಸಿ ಅಂತ ಅಲ್ಲ, ಆ ಹೆಸರು ಬೂಟಿಂದ ಬೂಟಿಗೆ ಬದಲಾಗತ್ತೆ, ಸೀರಿಯಲ್ ಯಾವ ಕೇಬಲ್ಲಿಗೆ ಹೋಗಿದೆ ಅಂತ.